ಹಿತ್ತಿಲ ಬಾಗಿಲಿಂದ ಕಂಡ ಡ್ಯೂಕನ ಮನೆ

ಯುಗಾದಿಗೆ ಹಾಸ್ಟೆಲಿನಿಂದ ಬಂದ ನಮ್ಮ ತಂಗಿಯ ಚೀಲದಲ್ಲಿ ಈ ಸಲ ಮೂರು ಇಂಗ್ಲಿಷ್ ಕಾದಂಬರಿಗಳಿದ್ದವು. ಫುಟ್‌ಪಾತಿನಲ್ಲಿ ರಾಶಿ ಹಾಕಿ ಮಾರುವಂಥವು. ಮೂರರ ರಟ್ಟಿನ ಮೇಲೂ ರೇಷ್ಮೆ ಗೌನು ತೊಟ್ಟ ಹೆಣ್ಣು, ಹಿಂದೆ ಅರಮನೆಯಂಥ ಮನೆ. ರಾತ್ರಿ ಅವ್ವ ರಾಗಿ ಕೇರುತ್ತಾ ಕೂತಿದ್ದಾಗ ತಂಗಿ ಒಂದರ ಕಥೆಯನ್ನು ನಮ್ಮ ಮಾತಿಗೆ ಇಳಿಸಿ ಹೇಳತೊಡಗಿದಳು. ವಿಕ್ಟೋರಿಯಾ ರಾಣಿಯ ಕಾಲ. ಲಂಡನ್ನು. ಒಬ್ಬ ಡ್ಯೂಕ್, ಅಂದರೆ ರಾಜನ ಮನೆತನ ಬಿಟ್ಟರೆ ಅಲ್ಲಿ ಎಲ್ಲರಿಗಿಂತ ದೊಡ್ಡ ಜಮೀನುದಾರ. ಅವನ ಮನೆಗೆ ಮಕ್ಕಳಿಗೆ ಪಾಠ ಹೇಳಲು ಬಂದ ಬಡವರ ಹುಡುಗಿ. ಅವನು ನೋಡಿದ. ಇವಳು ತಲೆ ತಗ್ಗಿಸಲಿಲ್ಲ. ಕಥೆ ಇಷ್ಟಕ್ಕೆ ಬರುವಷ್ಟರಲ್ಲಿ ಅವ್ವ ಮೊರ ಕೆಳಗಿಟ್ಟು ಕೇಳಿದಳು:

"ಕೊನೇಗೆ ಆ ಹುಡುಗೀನ ಸಾಯಿಸಿಬಿಡ್ತಾರಾ?"

"ಇಲ್ಲ ಕಣವ್ವ. ಇಂಥ ಕಥೇಲಿ ಹುಡುಗಿ ಸಾಯಲ್ಲ. ಮದುವೆ ಆಗ್ತದೆ."

"ಹಂಗಾದ್ರೆ ಹೇಳು."

ಅವ್ವನ ಪ್ರಶ್ನೆ ಎಲ್ಲಿಂದ ಬಂತು ಎಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಮೇಲಿನವರ ಮನೆಯ ಪ್ರೀತಿ ನಮ್ಮ ಕೇರಿಗೆ ಕಾಲಿಟ್ಟರೆ ಕೊನೆಗೆ ಏನಾಗುತ್ತದೆ ಎಂಬುದು ಅವ್ವನಿಗೆ ಕಾದಂಬರಿ ಓದದೆಯೇ ಗೊತ್ತು. ಕೆರೆ, ರೈಲು ಹಳಿ, ಕಬ್ಬಿನ ಗದ್ದೆ ಇವೆಲ್ಲಾ ಸಾಕ್ಷಿ ನುಡಿದಿವೆ.

ನಾವು ಈ ಕಾದಂಬರಿಗಳ ಬಗ್ಗೆ ಬರೆಯುತ್ತೇವೆ ಎಂದಾಗ ಸಂಘದ ಗೆಳೆಯರೊಬ್ಬರು ನಕ್ಕರು. "ಇದೆಲ್ಲಾ ಬೂಸಾ ಕಣಯ್ಯಾ. ಹೊಲೆಮಾದಿಗರ ಕವಿಗೆ ಇಂಗ್ಲೆಂಡಿನ ಡ್ಯೂಕನ ಉಸಾಬರಿ ಯಾಕೆ?" ಅಂದರು. ಬೂಸಾ ಇರಬಹುದು. ಆದರೆ ನಮ್ಮ ಹಾಸ್ಟೆಲುಗಳಲ್ಲಿ ದೀಪ ಆರಿಸಿದ ಮೇಲೆ ಹೊದಿಕೆಯೊಳಗೆ ಮೊಬೈಲು ಹಿಡಿದು ಹುಡುಗಿಯರು ಇದನ್ನೇ ಓದುತ್ತಿದ್ದಾರೆ. ನಮ್ಮ ಕವನ ಸಂಕಲನವನ್ನಲ್ಲ. ಅವರು ಏನನ್ನು ಹುಡುಕಿ ಅಲ್ಲಿಗೆ ಹೋಗುತ್ತಾರೆ, ಅಲ್ಲಿ ಅವರಿಗೆ ಸಿಗುವುದೇನು, ಸಿಗದಂತೆ ಮುಚ್ಚಿಟ್ಟಿರುವುದೇನು? ಇದನ್ನು ಕೇಳದೆ ನಗುವುದು ವಿಮರ್ಶೆಯಲ್ಲ, ಗಂಡಸಿನ ಗತ್ತು.

ಈ ಕಾದಂಬರಿಗಳ ಅಚ್ಚು ಹಳೆಯದು. ಮಿಲ್ಸ್ ಅಂಡ್ ಬೂನ್ ಕಂಪನಿ ಲಂಡನ್ನಿನಲ್ಲಿ ಶುರುವಾದದ್ದು 1908ರಲ್ಲಿ. ಚಾರಿತ್ರಿಕ ಪ್ರೇಮಕಾದಂಬರಿಗೆ ಇವತ್ತಿನ ಅಂಗಸೌಷ್ಠವ ಕೊಟ್ಟವಳು ಜಾರ್ಜೆಟ್ ಹೇಯರ್. ಆಕೆ ಮುಖ್ಯವಾಗಿ ಬರೆದದ್ದು ವಿಕ್ಟೋರಿಯಾಳಿಗಿಂತ ಒಂದು ತಲೆಮಾರು ಹಿಂದಿನ ಕಾಲ. ಆದರೆ ಗಾಡಿ, ಟೋಪಿ, ಬೈಗುಳ, ಕೈಬೆರಳಿನ ಉಂಗುರ ಇವುಗಳನ್ನೆಲ್ಲಾ ಪುಸ್ತಕ ತಿರುವಿ ಖಚಿತ ಮಾಡಿಕೊಂಡೇ ಬರೆಯಬೇಕೆಂಬ ಶಿಸ್ತು ಅವಳದು. 1972ರಲ್ಲಿ ಅಮೆರಿಕದ ಕ್ಯಾಥ್ಲೀನ್ ವುಡಿವಿಸ್ ಬರೆದ 'ದ ಫ್ಲೇಮ್ ಅಂಡ್ ದ ಫ್ಲವರ್' ಲಕ್ಷಗಟ್ಟಲೆ ಖರ್ಚಾಯಿತು. ಅದರಲ್ಲಿ ನಾಯಕ ನಾಯಕಿಯನ್ನು ಮೊದಲು ಬಲಾತ್ಕರಿಸುತ್ತಾನೆ, ಆಮೇಲೆ ಪ್ರೀತಿಸುತ್ತಾನೆ. ಬಲಾತ್ಕಾರವನ್ನೇ ಪ್ರೀತಿಯ ಮೊದಲ ಮೆಟ್ಟಿಲು ಮಾಡಿದ ಆ ಕಾದಂಬರಿಯ ಹಿಂದೆ ಅಂಥವೇ ಹಲವು ಬಂದವು. ಅಲ್ಲಿಂದ ಇಲ್ಲಿಗೆ ಪ್ರಕಾರ ಬಹಳ ಬದಲಾಗಿದೆ. ಇವತ್ತಿನ ನಾಯಕಿ ವಿಜ್ಞಾನ ಓದುತ್ತಾಳೆ, ಮತದ ಹಕ್ಕು ಕೇಳುತ್ತಾಳೆ, ಗಂಡಿನ ಕೈ ಕೊಡವುತ್ತಾಳೆ. ಬದಲಾಗದ್ದು ಒಂದೇ ನಿಯಮ: ಕಥೆ ಸುಖವಾಗಿ ಮುಗಿಯಬೇಕು.

ವಿಕ್ಟೋರಿಯಾ ಆಳಿದ್ದು 1837ರಿಂದ 1901ರವರೆಗೆ. ಆ ಅರವತ್ತಮೂರು ವರ್ಷಗಳಲ್ಲಿ ಯಾವ ಕಾಲಕ್ಕೆ ಹೋಗಿ ನೋಡಿದರೂ ಬ್ರಿಟನ್ನಿನಲ್ಲಿ ಇದ್ದ ಡ್ಯೂಕರ ಸಂಖ್ಯೆ ಮೂವತ್ತರ ಆಸುಪಾಸು. ಕಾದಂಬರಿಗಳಲ್ಲಿ ಮದುವೆಯಾದ ಡ್ಯೂಕರನ್ನು ಸಾಲಾಗಿ ನಿಲ್ಲಿಸಿದರೆ ಒಂದು ತಾಲೂಕು ತುಂಬುತ್ತದೆ. ಅದಿರಲಿ. ಕಾದಂಬರಿ ಅಂದ ಮೇಲೆ ಅಷ್ಟು ಸ್ವಾತಂತ್ರ್ಯ ಇದ್ದೇ ಇರುತ್ತದೆ. ನಮ್ಮ ತಕರಾರು ಬೇರೆ. ಇದೇ ಹೊತ್ತಿನಲ್ಲಿ, 1891ರ ಜನಗಣತಿಯ ಪ್ರಕಾರ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮನೆಗೆಲಸಕ್ಕಿದ್ದ ಹೆಂಗಸರು ಹದಿಮೂರು ಲಕ್ಷ ಮೀರಿದ್ದರು. ಮೂವತ್ತು ಜನ ಡ್ಯೂಕರಿಗೆ ನೂರಾರು ಕಾದಂಬರಿ. ಹದಿಮೂರು ಲಕ್ಷ ಹೆಂಗಸರಿಗೆ ಏನು? "ಕೆಲಸದವಳು ಬಿಸಿನೀರು ತಂದಿಟ್ಟು ಹೋದಳು" ಅನ್ನುವ ಒಂದು ಸಾಲು.

ಆ ಒಂದು ಸಾಲನ್ನು ನಾವು ನಿಲ್ಲಿಸಿ ಓದುತ್ತೇವೆ. ಅದು ನಮ್ಮ ಓದಿನ ಕ್ರಮ. ನಾಯಕಿ ಸ್ನಾನದ ತೊಟ್ಟಿಯಲ್ಲಿ ಕೂತು ಪ್ರಿಯನನ್ನು ನೆನೆಯುತ್ತಾಳೆ. ಆ ನೀರು ನೆಲಮಾಳಿಗೆಯ ಅಡುಗೆಮನೆಯಲ್ಲಿ ಕಾದು, ಕೆಲಸದವರ ಹಿಂದಿನ ಮೆಟ್ಟಿಲು ಹತ್ತಿ, ಕೊಡ ಕೊಡವಾಗಿ ಮೇಲೆ ಬಂದಿದೆ. ತಣ್ಣಗಾದ ಮೇಲೆ ಅದೇ ದಾರಿಯಲ್ಲಿ ಕೊಡ ಕೊಡವಾಗಿ ಇಳಿಯಬೇಕು. ಮಂಚದ ಕೆಳಗಿನ ಉಚ್ಚೆಯ ಪಾತ್ರೆಯೂ ಅದೇ ಮೆಟ್ಟಿಲಿನಲ್ಲಿ ಇಳಿಯಬೇಕು. ಕಾರ್ಸೆಟ್ಟಿನ ದಾರ ಎಷ್ಟು ತೂತುಗಳಲ್ಲಿ ಹಾದುಹೋಗುತ್ತದೆ ಎಂದು ಲೆಕ್ಕ ಹಾಕಿ ಬರೆಯುವ ಲೇಖಕಿ ಆ ಪಾತ್ರೆ ಹಿಡಿದ ಕೈಯ ಹತ್ತಿರ ಬಂದಾಗ ಪುಟ ಮಗುಚುತ್ತಾಳೆ. ಸಂಶೋಧನೆ ಅಲ್ಲಿಗೆ ನಿಲ್ಲುತ್ತದೆ.

ಗೌನಿನ ಮಾತು ತೆಗೆದುಕೊಳ್ಳಿ. 1863ರ ಜೂನ್ ತಿಂಗಳಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟಿನ ದೊಡ್ಡ ದರ್ಜಿ ಅಂಗಡಿಯೊಂದರಲ್ಲಿ ಮೇರಿ ಆನ್ ವಾಕ್ಲಿ ಎಂಬ ಇಪ್ಪತ್ತು ವರ್ಷದ ಹುಡುಗಿ ಸತ್ತಳು. ಹೊಸ ರಾಜಕುಮಾರಿಗೆ ಗೌರವಾರ್ಥ ನಡೆಯಲಿದ್ದ ನೃತ್ಯಕೂಟಕ್ಕೆ ಗೌನುಗಳು ಬೇಕಿದ್ದವು. ಗಾಳಿಯಿಲ್ಲದ ಕೋಣೆಯಲ್ಲಿ ಇತರ ಹುಡುಗಿಯರ ಜೊತೆ ಅವಳು ಬಿಡುವಿಲ್ಲದೆ ಇಪ್ಪತ್ತಾರೂವರೆ ಗಂಟೆ ಹೊಲಿದಿದ್ದಳು. ಕಾರ್ಲ್ ಮಾರ್ಕ್ಸ್ ತನ್ನ 'ಬಂಡವಾಳ'ದಲ್ಲಿ ಅವಳ ಹೆಸರು ಹಿಡಿದು ಬರೆದ. ಅದಕ್ಕೂ ಎರಡು ವರ್ಷ ಮೊದಲು, 1861ರಲ್ಲಿ, ಮಟಿಲ್ಡಾ ಶೂರರ್ ಎಂಬ ಹತ್ತೊಂಬತ್ತರ ಹುಡುಗಿ ಸತ್ತಿದ್ದಳು. ಹೆಂಗಸರ ಮುಡಿಗೆ, ಟೋಪಿಗೆ ಬಟ್ಟೆಯ ಹೂವು ಎಲೆ ಮಾಡುವುದು ಅವಳ ಕೆಲಸ. ಆ ಎಲೆಗಳಿಗೆ ಹಸಿರು ಬರಿಸುತ್ತಿದ್ದ ಪುಡಿ ಪಾಷಾಣ. ಅದು ದಿನವೂ ಉಸಿರಿನಲ್ಲಿ, ಉಗುರಿನಲ್ಲಿ ಸೇರಿ ಅವಳನ್ನು ಕೊಂದಿತು. ಕಾದಂಬರಿಯ ನಾಯಕಿ ಹಸಿರು ಗೌನಿನಲ್ಲಿ ಮೆಟ್ಟಿಲಿಳಿದು ಬರುವಾಗ ಡ್ಯೂಕನ ಉಸಿರು ನಿಂತುಹೋಗುತ್ತದೆ ಅಂತ ಬರೆಯುತ್ತಾರೆ. ಉಸಿರು ನಿಜವಾಗಿ ನಿಂತದ್ದು ಮಟಿಲ್ಡಾಳದು.

ಇನ್ನು ಡ್ಯೂಕನ ದುಡ್ಡು. ಕಾದಂಬರಿಯಲ್ಲಿ ದುಡ್ಡು ಮಳೆಯ ಹಾಗೆ, ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ನಾವು ಕೇಳುತ್ತೇವೆ. ಬ್ರಿಟಿಷ್ ಸಂಸತ್ತು 1833ರಲ್ಲಿ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಿತು. ಪರಿಹಾರವಾಗಿ ಎರಡು ಕೋಟಿ ಪೌಂಡ್ ತೆಗೆದಿಟ್ಟಿತು. ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು! ಆ ಪರಿಹಾರ ಗುಲಾಮರಿಗಲ್ಲ, ಅವರ ಒಡೆಯರಿಗೆ. ಗುಲಾಮರಿಗೆ ಸಿಕ್ಕಿದ್ದು ಬರಿ ಕೈ, ಅದರ ಮೇಲೆ 1838ರವರೆಗೆ ಕಲಿಕೆಯ ಹೆಸರಿನಲ್ಲಿ ಬಿಟ್ಟಿ ದುಡಿಮೆ. ಇದಕ್ಕಾಗಿ ಮಾಡಿದ ಸಾಲವನ್ನು ಬ್ರಿಟನ್ನಿನ ತೆರಿಗೆದಾರರು ತೀರಿಸಿ ಮುಗಿಸಿದ್ದು 2015ರಲ್ಲಿ. ವಿಕ್ಟೋರಿಯಾ ಪಟ್ಟಕ್ಕೆ ಬರುವ ಹೊತ್ತಿಗೆ ಈ ಹಣ ಹಲವು ದೊಡ್ಡ ಮನೆಗಳ ತಿಜೋರಿ ಸೇರುತ್ತಿತ್ತು. ವರದಕ್ಷಿಣೆಯಾಗಿ, ರೈಲು ಕಂಪನಿಯ ಷೇರಾಗಿ, ಹೊಸ ಬಂಗಲೆಯಾಗಿ ಅದು ಮರುಹುಟ್ಟು ಪಡೆಯಿತು. ಷಾರ್ಲೆಟ್ ಬ್ರಾಂಟೆ 1847ರಲ್ಲಿ ಬರೆದ 'ಜೇನ್ ಏರ್' ಕಾದಂಬರಿಯನ್ನು ಈ ಇಡೀ ಪ್ರಕಾರದ ತಾಯಿ ಅನ್ನಬಹುದು. ಅದರಲ್ಲೇ ನಾಯಕನ ಸಿರಿಯ ಹಿಂದೆ ಜಮೈಕಾದಿಂದ ತಂದು ಅಟ್ಟದಲ್ಲಿ ಕೂಡಿಹಾಕಿದ ಹೆಂಡತಿ ಇದ್ದಾಳೆ. ಅವಳ ಬಾಯಿಗೆ ಮಾತು ಬರಲು 1966ರವರೆಗೆ ಕಾಯಬೇಕಾಯಿತು. ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದ ಜೀನ್ ರೈಸ್ ಬಂದು ಆ ಅಟ್ಟದ ಬೀಗ ಒಡೆದಳು.

ನಮ್ಮ ನೆಲವೂ ಈ ಕಥೆಗಳಲ್ಲಿ ಬರುತ್ತದೆ. ಇಂಡಿಯಾ ಅಂದರೆ ಶಾಲು, ಹುಲಿ, ಜ್ವರ. ಗಾಯಗೊಂಡು ಮರಳಿದ ಕ್ಯಾಪ್ಟನ್ನಿನ ಕೆಟ್ಟ ಕನಸು. ಅಷ್ಟೆ. ಆದರೆ 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಯಿತು. ಲಿವರ್‌ಪೂಲಿನ ಪೇಟೆಯಲ್ಲಿ ಆ ಹತ್ತಿಗೆ ಬಂದರಿನ ಹೆಸರೇ ನಿಂತಿತು. ನಾಯಕಿಯ ಒಳಲಂಗದ ನೂಲಿನಲ್ಲಿ ನಮ್ಮ ಎರೆಹೊಲದ ಕೂಲಿಯವಳು ಬಿಡಿಸಿದ ಅರಳೆ ಇರಬಹುದು. 1880ರಿಂದ ಜಾನ್ ಟೇಲರ್ ಕಂಪನಿ ಕೋಲಾರದ ನೆಲ ಬಗೆದು ತೆಗೆದ ಚಿನ್ನ ಲಂಡನ್ನಿಗೆ ಹೋಯಿತು. ಆ ಸುರಂಗಕ್ಕೆ ಇಳಿದವರಲ್ಲಿ ಬಹುಪಾಲು ನಮ್ಮವರೇ, ಆರ್ಕಾಟು ಸೀಮೆಯಿಂದ ಬಂದ ಅಸ್ಪೃಶ್ಯ ಜಾತಿಗಳವರು. ಗಣಿ 2001ರಲ್ಲಿ ಮುಚ್ಚಿತು. ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡ ಮುದುಕರು ಆಮೇಲೂ ಕೆಮ್ಮುತ್ತಾ ಉಳಿದರು. 1877ರ ಜನವರಿ ಒಂದರಂದು ದೆಹಲಿಯ ದರ್ಬಾರಿನಲ್ಲಿ ವಿಕ್ಟೋರಿಯಾಳನ್ನು ಇಂಡಿಯಾದ ಚಕ್ರವರ್ತಿನಿ ಎಂದು ಸಾರಿದರು. ಆ ಹೊತ್ತಿಗೆ ಇಲ್ಲಿ ಧಾತು ಸಂವತ್ಸರದ ಬರ. 1871ರಲ್ಲಿ ಮೈಸೂರು ಸಂಸ್ಥಾನದ ಜನ ಐವತ್ತು ಲಕ್ಷ ಮೀರಿದ್ದರು. 1881ರಲ್ಲಿ ಎಣಿಸಿದಾಗ ನಲವತ್ತೆರಡು ಲಕ್ಷ ಮುಟ್ಟಲಿಲ್ಲ.

ಇಷ್ಟೆಲ್ಲಾ ಒಂದು ಪ್ರೇಮಕಥೆಯ ತಲೆಯ ಮೇಲೆ ಹೇರಬೇಕೇ ಎಂದು ಕೇಳಬಹುದು. ಹೇರುವುದು ಬೇಡ. ನಾವು ಕೇಳುವುದು ಬೇರೆಯೇ ಪ್ರಶ್ನೆ: ಈ ಅಂತರಗಳ ನಡುವೆ ಆ ಕಾಲದಲ್ಲಿ ಪ್ರೀತಿ ನಿಜಕ್ಕೂ ಹೇಗಿತ್ತು? ಇದಕ್ಕೆ ಉತ್ತರ ಕೊಡುವ ಒಬ್ಬಳು ಹೆಣ್ಣುಮಗಳು ಚರಿತ್ರೆಯಲ್ಲಿದ್ದಾಳೆ. ಹೆಸರು ಹ್ಯಾನಾ ಕಲ್ವಿಕ್. ಹುಟ್ಟಿದ್ದು 1833ರಲ್ಲಿ. ಎಂಟನೇ ವಯಸ್ಸಿಗೆ ಚಾಕರಿಗೆ ಬಿದ್ದಳು. 1854ರಲ್ಲಿ ಲಂಡನ್ನಿನಲ್ಲಿ ಆರ್ಥರ್ ಮನ್ಬಿ ಎಂಬುವನ ಪರಿಚಯವಾಯಿತು. ಅವನು ವಕೀಲಿ ಓದಿದವನು, ಸರ್ಕಾರಿ ನೌಕರ, ಕವಿ ಬೇರೆ. ಅವನ ಮಾತಿನ ಮೇಲೆ ಅವಳು ದಿನಚರಿ ಬರೆಯತೊಡಗಿದಳು. ಉಜ್ಜಿದ ಬೂಟು, ತೊಳೆದ ಮೆಟ್ಟಿಲು, ಮೈಗೆ ಹತ್ತಿದ ಮಸಿ ಎಲ್ಲಾ ಅದರಲ್ಲಿದೆ. ಅವನು ಅವಳನ್ನು ಮದುವೆಯಾದದ್ದು 1873ರಲ್ಲಿ, ಅದೂ ಗುಟ್ಟಾಗಿ. ಅಷ್ಟರಲ್ಲಿ ಹತ್ತೊಂಬತ್ತು ವರ್ಷ ಕಳೆದಿತ್ತು. ಮದುವೆಯ ನಂತರವೂ ಅವನ ಮನೆಗೆ ಬಂದವರ ಕಣ್ಣಿಗೆ ಅವಳು ಕೆಲಸದವಳೇ. ಅವನನ್ನು ಗುಲಾಮರು ಒಡೆಯನನ್ನು ಕರೆಯುವ ಮಾತಿನಲ್ಲಿ ಕರೆಯುತ್ತಿದ್ದಳು. ಕೊರಳಲ್ಲಿ ಬೀಗ ಹಾಕಿದ ಸರಪಳಿ. ಕೀಲಿ ಅವನ ಹತ್ತಿರ.

ಈ ಸರಪಳಿಯನ್ನು ಓದಿದಾಗ ನಮಗೆ ಮೈ ಉರಿಯಿತು. ಆದರೆ ಅವಳ ದಿನಚರಿ ನಮ್ಮನ್ನು ಅಷ್ಟಕ್ಕೇ ಬಿಡುವುದಿಲ್ಲ. ಹ್ಯಾನಾ ಬರೀ ಬಲಿಪಶುವಲ್ಲ. ತನ್ನ ದುಡಿಮೆಯ ಬಗ್ಗೆ ಅವಳಿಗೆ ಗರ್ವವಿತ್ತು. ದೊಡ್ಡವರ ಮನೆಯ ಹೆಂಗಸಿನ ವೇಷ ಹಾಕಿ ಕೂರುವುದು ಅವಳಿಗೆ ಹಿಡಿಸಲಿಲ್ಲ. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಇಬ್ಬರೂ ಬೇರೆ ಬೇರೆ ಕಡೆ ಇರತೊಡಗಿದರು. ಸಂಬಂಧ ಮಾತ್ರ ಕಡಿಯಲಿಲ್ಲ. ಅವಳು 1909ರಲ್ಲಿ ಸತ್ತಳು, ಅವನು ಮರುವರ್ಷ. ಅವನು ಬಿಟ್ಟುಹೋದ ಕಾಗದಪತ್ರಗಳ ಪೆಟ್ಟಿಗೆ ತೆರೆದದ್ದು 1950ರಲ್ಲಿ. ಅವಳ ದಿನಚರಿ ಪುಸ್ತಕವಾಗಿ ಹೊರಬಂದದ್ದು 1984ರಲ್ಲಿ. ಪ್ರೀತಿ ಇತ್ತೇ? ಇತ್ತು. ಸಮಾನತೆ ಇತ್ತೇ? ಇರಲಿಲ್ಲ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಧೈರ್ಯ ಬೇಕು. ಡ್ಯೂಕನ ಕಾದಂಬರಿಗಳಿಗೆ ಇಲ್ಲದ್ದು ಇದೇ.

ಅವು ಏನು ಮಾಡುತ್ತವೆ ನೋಡಿ. ಬಡ ಹುಡುಗಿ ಡ್ಯೂಕನನ್ನು ಮದುವೆಯಾಗುವ ಹೊತ್ತಿಗೆ ಎಲ್ಲಿಂದಲೋ ಒಂದು ಕಾಗದ ಸಿಗುತ್ತದೆ. ಅವಳು ನಿಜವಾಗಿ ಯಾವನೋ ಅರ್ಲನ ಕಳೆದುಹೋದ ಮಗಳು! ಅಂದರೆ ಪ್ರೀತಿ ಅಂತಸ್ತನ್ನು ದಾಟಲಿಲ್ಲ, ಅಂತಸ್ತು ತನ್ನ ಕಳೆದ ಕೂಸನ್ನು ಹುಡುಕಿಕೊಂಡಿತು. ಕಾಗದ ಸಿಗದ ಕಾದಂಬರಿಗಳಲ್ಲಿ ಹುಡುಗಿಗೆ ಬಡ್ತಿ ಸಿಗುತ್ತದೆ. ಅವಳೊಬ್ಬಳು ಮೇಲೆ ಹೋಗುತ್ತಾಳೆ. ನಿನ್ನೆ ಅವಳ ಜೊತೆ ಪಾತ್ರೆ ಬೆಳಗಿದವಳು ಇವತ್ತು ಅವಳಿಗೆ ಬಿಸಿನೀರು ಹೊರುತ್ತಾಳೆ. ಅಂಬೇಡ್ಕರರು 1936ರ 'ಜಾತಿ ವಿನಾಶ'ದಲ್ಲಿ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಎಂದರು. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಜಾತಿಯನ್ನು ಪವಿತ್ರ ಮಾಡಿರುವ ಶಾಸ್ತ್ರಗಳ ಪಾವಿತ್ರ್ಯ ಒಡೆಯದೆ ಆ ಮದ್ದು ಯಾರ ಗಂಟಲಿಗೂ ಇಳಿಯದು ಎಂದೂ ಹೇಳಿದರು. ಈ ಕಾದಂಬರಿಗಳು ಮದುವೆ ಮಾಡಿಸುತ್ತವೆ, ಡ್ಯೂಕಗಿರಿಯ ಪಾವಿತ್ರ್ಯವನ್ನು ಹಾಗೇ ಕಾಪಾಡುತ್ತವೆ. ಮೋಸ ಇರುವುದು ಸುಖಾಂತದಲ್ಲಲ್ಲ. ಆ ಸುಖಕ್ಕೆ ಹಿತ್ತಿಲ ಬಾಗಿಲು ಮುಚ್ಚಿಯೇ ಇರಬೇಕು ಎಂಬ ಕರಾರಿನಲ್ಲಿ.

ಹಾಗಾದರೆ ಬೇರೆ ಥರ ಬರೆಯಲು ಸಾಧ್ಯವೇ? ಸಾಧ್ಯ. ಬರೆದವರಿದ್ದಾರೆ. ಅಮೆರಿಕದ ಕಪ್ಪು ಲೇಖಕಿ ಬೆವರ್ಲಿ ಜೆಂಕಿನ್ಸ್ ಗ್ರಂಥಾಲಯದಲ್ಲಿ ಕೆಲಸ ಮಾಡಿಕೊಂಡಿದ್ದವರು. ಅವರ ಮೊದಲ ಕಾದಂಬರಿ ಬಂದದ್ದು 1994ರಲ್ಲಿ. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ಆಳುತ್ತಿದ್ದ ಕಾಲದಲ್ಲೇ ನಡೆಯುವ ಕಥೆಗಳು ಅವರವು. ಆದರೆ ಊರು ಬೇರೆ, ಜನ ಬೇರೆ. 1996ರ 'ಇಂಡಿಗೋ' ಕಾದಂಬರಿಯ ನಾಯಕಿ ಹೆಸ್ಟರ್ ವಯಟ್ ಗುಲಾಮಗಿರಿಯಿಂದ ಪಾರಾದವಳು. ನೀಲಿ ಬೆಳೆಯುವ ತೋಟದಲ್ಲಿ ದುಡಿದು ಅವಳ ಕೈಕಾಲಿಗೆ ನೀಲಿ ಬಣ್ಣ ಹತ್ತಿದೆ. ತೊಳೆದರೆ ಹೋಗುವುದಿಲ್ಲ. ತಪ್ಪಿಸಿಕೊಂಡು ಬರುವ ಗುಲಾಮರಿಗೆ ಅವಳು ತನ್ನ ಮನೆಯಲ್ಲಿ ಆಸರೆ ಕೊಡುತ್ತಾಳೆ. ಆ ನೀಲಿ ಕೈಗಳನ್ನೇ ಒಬ್ಬ ಗಂಡು ಪ್ರೀತಿಸುತ್ತಾನೆ. ಇಲ್ಲಿ ದುಡಿಮೆಯ ಗುರುತು ಮುಚ್ಚಿಡುವ ಕಳಂಕವಲ್ಲ, ಪ್ರೀತಿ ಅಲ್ಲಿಂದಲೇ ಶುರು. ಕಾದಂಬರಿಯ ಕೊನೆಗೆ ತಾವು ಓದಿದ ಚರಿತ್ರೆಯ ಪುಸ್ತಕಗಳ ಪಟ್ಟಿಯನ್ನೂ ಜೆಂಕಿನ್ಸ್ ಕೊಡುತ್ತಾರೆ. "ನಮ್ಮವರು ಹೀಗೂ ಬದುಕಿದ್ದರು, ಅನುಮಾನ ಇದ್ದರೆ ಹೋಗಿ ಓದಿ" ಎಂದು ಸವಾಲು ಹಾಕಿದಂತೆ. ಇಲ್ಲೂ ನಾಯಕ ಸಿರಿವಂತನೇ ಎಂಬುದು ನಮ್ಮ ತಕರಾರು. ಅಚ್ಚು ಇನ್ನೂ ಪೂರ್ತಿ ಒಡೆದಿಲ್ಲ. ಆದರೆ ಬಿರುಕು ಬಿಟ್ಟಿದೆ.

ಇದಕ್ಕೆ ತದ್ವಿರುದ್ಧವಾದುದೂ ಅದೇ ದೇಶದಲ್ಲಿ ನಡೆದಿದೆ. 2021ರಲ್ಲಿ ಅಲ್ಲಿನ ಪ್ರೇಮಕಾದಂಬರಿಕಾರರ ಸಂಘ ಒಂದು ಚಾರಿತ್ರಿಕ ಕಾದಂಬರಿಗೆ ಬಹುಮಾನ ಕೊಟ್ಟಿತು. 1890ರಲ್ಲಿ ವೂಂಡೆಡ್ ನೀ ಎಂಬಲ್ಲಿ ಸೈನಿಕರು ಲಕೋಟಾ ಬುಡಕಟ್ಟಿನ ಗಂಡಸರು, ಹೆಂಗಸರು, ಮಕ್ಕಳನ್ನು ಕೊಂದರು. ಆ ಕೊಲೆಗಡುಕ ಪಡೆಯಲ್ಲಿದ್ದವನೇ ಕಾದಂಬರಿಯ ನಾಯಕ. ಅವನಿಗೆ ಪಶ್ಚಾತ್ತಾಪವಾಗುತ್ತದೆ, ದೇವರು ಸಿಗುತ್ತಾನೆ, ಹುಡುಗಿಯೂ ಸಿಗುತ್ತಾಳೆ. ಸತ್ತವರು ಅವನ ಮನಸ್ಸು ತೊಳೆಯುವ ಸೋಪು. ಓದುಗರು ರೊಚ್ಚಿಗೆದ್ದ ಮೇಲೆ ಸಂಘ ಬಹುಮಾನ ಹಿಂತೆಗೆದುಕೊಂಡಿತು. ಈ ಪಾಠ ನಮಗೂ ಬೇಕು. ನಮ್ಮಲ್ಲೂ ಗೌಡರ ಮಗನ ಮನಃಪರಿವರ್ತನೆಗಾಗಿ ಕೇರಿಯ ಹುಡುಗಿಯನ್ನು ಸಾಯಿಸುವ ಕಥೆಗಳಿಗೆ ಬರವಿಲ್ಲ.

ಈಗ ನಮ್ಮ ಕಡೆಗೂ ಬೆರಳು ತಿರುಗಿಸಿಕೊಳ್ಳೋಣ. 'ಚೋಮನ ದುಡಿ'ಯ ಚೋಮ ದುಡಿ ಬಾರಿಸುತ್ತಲೇ ಸಾಯುತ್ತಾನೆ. 1984ರ 'ಕುಸುಮಬಾಲೆ'ಯಲ್ಲಿ ಮೇಲುಜಾತಿಯ ಹೆಣ್ಣು ಒಲಿದ ಚನ್ನನನ್ನು ಕೊಲ್ಲುತ್ತಾರೆ. ಅವು ದೊಡ್ಡ ಕೃತಿಗಳು. ಅವು ಹೇಳಿದ್ದು ಸುಳ್ಳಲ್ಲ. ಆದರೆ ಆ ದಾರಿಯಲ್ಲಿ ಹಿಂದೆ ಬಂದ ನಾವು, ಪದವಿ ಪಡೆದು ಪದ್ಯ ಬರೆಯುವ ನಾವು, ಸಾವನ್ನು ಬರೆಯುವುದನ್ನು ಬಾಯಿಪಾಠ ಮಾಡಿಕೊಂಡಿದ್ದೇವೆ. ನಮ್ಮ ಕವಿತೆಯಲ್ಲಿ ಕೇರಿಯ ಹುಡುಗಿ ಬಂದಳೆಂದರೆ ಮೂರನೇ ಪದ್ಯದಲ್ಲಿ ಅವಳ ಹೆಣ ಬಾವಿಯಲ್ಲಿ ತೇಲುತ್ತದೆ. ಕ್ರಾಂತಿಗೆ ಅವಳ ಹೆಣ ಬೇಕು, ಅವಳ ನಗು ಬೇಡವೇ? ಅವಳು ಯಾರನ್ನೋ ಮೆಚ್ಚಿ, ಜಗಳವಾಡಿ, ಕದ್ದು ಸಿನಿಮಾ ನೋಡಿ, ಮದುವೆಯಾಗಿ ಮುದುಕಿಯಾದಳು ಎಂದು ಬರೆದರೆ ಅದು ಪಲಾಯನವೇ? ನಮ್ಮ ತಂಗಿಯಂಥವರು ಡ್ಯೂಕನ ಮನೆಗೆ ಹೋದದ್ದು ನಮ್ಮ ಪುಟಗಳಲ್ಲಿ ಅವರಿಗೆ ಬದುಕಲು ಜಾಗ ಇರಲಿಲ್ಲವಾದ್ದರಿಂದ. ಇದನ್ನು ಒಪ್ಪಿಕೊಳ್ಳಬೇಕು.

ಚಾರಿತ್ರಿಕ ಪ್ರೇಮಕಾದಂಬರಿ ಬರೆಯುವವರನ್ನು, ಅವರು ಲಂಡನ್ನಿನ ಬಗ್ಗೆ ಬರೆಯಲಿ, ಕಲ್ಯಾಣದ ಬಗ್ಗೆ ಬರೆಯಲಿ, ನಾವು ಕೇಳುವುದು ಇಷ್ಟೆ. ಗೌನಿನ ವಿವರ ಬರೆಯುವಾಗ ಹೊಲಿದವಳ ಬೆರಳನ್ನೂ ಬರೆಯಿರಿ. ದುಡ್ಡು ಎಲ್ಲಿಂದ ಬಂತೆಂದು ನಾಯಕಿಗಾದರೂ ಗೊತ್ತಿರಲಿ. ಬಿಸಿನೀರು ತಂದವಳಿಗೆ ಹೆಸರಿರಲಿ, ಅವಳಿಗೂ ಒಬ್ಬ ಪ್ರಿಯನಿರಲಿ. ಒಬ್ಬಳಿಗೆ ಬಡ್ತಿ ಕೊಟ್ಟು ಉಳಿದವರನ್ನು ಅಲ್ಲೇ ಬಿಡಬೇಡಿ. ಇಷ್ಟು ಮಾಡಿಯೂ ಕಥೆಯನ್ನು ಸುಖವಾಗಿ ಮುಗಿಸಿ. ಅದು ಕಷ್ಟ. ಆದರೆ ಆ ಕಷ್ಟಪಟ್ಟು ಗಳಿಸಿದ ಸುಖಾಂತವೇ ಬಂಡಾಯ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು, ತಂದೆಯರಿಗೆ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಎಲ್ಲರೂ ಬಲ್ಲರು. ಆ ಹುಡುಗ ಹುಡುಗಿ ಮೊದಲ ಸಲ ಏನು ಮಾತಾಡಿಕೊಂಡರು? ಅದನ್ನು ಕೇಳಲು ನಮಗೂ ಆಸೆಯಿದೆ.

ಅಂದ ಹಾಗೆ, ತಂಗಿ ಆ ರಾತ್ರಿ ಕಥೆ ಮುಗಿಸಿದಳು. ಡ್ಯೂಕನಿಗೂ ಹುಡುಗಿಗೂ ಮದುವೆಯಾಯಿತು. ಅವ್ವ ಕೇರಿದ ರಾಗಿಯನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಎದ್ದು ನಿಂತು ಹೇಳಿದಳು:

"ಚೆನ್ನಾಗೈತೆ. ಇಂಥದ್ದು ನಮ್ಮೋರ್ದು ಯಾವ್ದಾದ್ರೂ ಇದ್ರೆ ನಾಳೆ ಹೇಳು."

ತಂಗಿ ನಮ್ಮ ಮುಖ ನೋಡಿದಳು. ನಮ್ಮ ಹತ್ತಿರ ಇರಲಿಲ್ಲ.